ಕೈಟ್ ಸರ್ಫಿಂಗ್: ದಾರಿ ನನ್ನದೇ ಇತ್ತು, ಆದರೂ ಲೈನ್ ಸಿಕ್ಕಿಕೊಂಡಿತು. ನಾನು ಏನು ಮಾಡಬೇಕಿತ್ತು?

ಗಾಳಿಗೆ ಬಿದ್ದವ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ ಉತ್ತರಿಸಿ.

ಗೊತ್ತಿಲ್ಲದವರಿಗೆ: ಕೈಟ್ ಅಂದರೆ ದೊಡ್ಡ ಗಾಳಿಪಟ, ಲೈನ್ ಅಂದರೆ ಅದರ ದಾರ; ಅದು ಎಳೆಯುವಾಗ ನಾವು ಬೋರ್ಡ್ ಮೇಲೆ ನಿಂತು ನೀರಿನಲ್ಲಿ ಜಾರುತ್ತೇವೆ. ನಾನು ಕೈಟ್ ಕಲಿತದ್ದು ರಾಮೇಶ್ವರದಲ್ಲಿ. ಇದು ಮೂರನೇ ವರ್ಷ. ಈ ಆಗಸ್ಟಿನಲ್ಲಿ ಮೊದಲ ಸಲ ಶ್ರೀಲಂಕಾದ ಕಲ್ಪಿಟಿಯಕ್ಕೆ ಹೋಗಿದ್ದೆ. ಮುಂಗಾರಿನ ಗಾಳಿ ಅಲ್ಲಿ ದಿನವೂ ಬೀಸುತ್ತದೆ. ಮರಳಿನ ದಿಬ್ಬದ ಹಿಂದೆ ಲಗೂನ್, ನೀರು ತಟ್ಟೆಯ ಹಾಗೆ ಸಪಾಟು. ಅದಕ್ಕೇ ಎಲ್ಲರೂ ಅಲ್ಲಿಗೇ ಬರುತ್ತಾರೆ. ಕಲಿಯುವವರು, ಕಲಿತವರು, ಇಪ್ಪತ್ತು ಅಡಿ ಹಾರುವವರು, ಎಲ್ಲರೂ ಒಂದೇ ನೀರಿನಲ್ಲಿ. ಮಧ್ಯಾಹ್ನ ಮೂರು ಗಂಟೆಗೆ ಎಣಿಸಿದೆ: ಆಕಾಶದಲ್ಲಿ ನಲವತ್ತಕ್ಕೂ ಜಾಸ್ತಿ ಕೈಟ್.

ಮೂರನೇ ದಿನ ಹೀಗಾಯಿತು. ನಾನು ಬಲಗೈ ಮುಂದೆ ಮಾಡಿಕೊಂಡು ವೇಗವಾಗಿ ಬರುತ್ತಿದ್ದೆ. ಎದುರಿನಿಂದ ಒಬ್ಬಳು ಹುಡುಗಿ, ಹದಿನೇಳು ಹದಿನೆಂಟು ಇರಬಹುದು, ಎಡಗೈ ಮುಂದೆ. ನಿಯಮದ ಪ್ರಕಾರ ದಾರಿ ನನ್ನದು. ಆಕೆಯೂ ನೋಡಿದಳು, ಗಾಳಿ ಹೋಗುವ ಕಡೆಗೆ ಸ್ವಲ್ಪ ತಿರುಗಿ ದಾರಿ ಬಿಟ್ಟಳು. ಸರಿ ಎಂದುಕೊಂಡು ನಾನು ನನ್ನ ಪಾಡಿಗೆ ನೇರ ಹೋದೆ. ಆದರೆ ಹತ್ತಿರ ಬರುತ್ತಿದ್ದ ಹಾಗೆ ಆಕೆ ಗಾಬರಿಯಾಗಿ ಕೈಟನ್ನು ನೆತ್ತಿಯ ಮೇಲಕ್ಕೆ ಎತ್ತಿಬಿಟ್ಟಳು. ನನ್ನ ಕೈಟ್ ಕೆಳಗಿತ್ತು, ನೆತ್ತಿಯನ್ನು ಗಡಿಯಾರದ ಹನ್ನೆರಡು ಅಂದುಕೊಂಡರೆ ಎರಡು ಗಂಟೆ ಜಾಗದಲ್ಲಿ. ನನ್ನ ಕೈಟ್ ಹೋಗಿ ಆಕೆಯ ಲೈನಿಗೆ ಬಿತ್ತು.

ಒಂದು ಸದ್ದು ಬಂತು. ಕಬ್ಬಿಣದ ತಂತಿ ಬಿಗಿದು ಮೀಟಿದ ಹಾಗೆ. ಆಮೇಲೆ ನನ್ನ ಕೈಟ್ ಆಕೆಯ ಲೈನುಗಳ ಸುತ್ತ ಬುಗುರಿಯ ಹಾಗೆ ತಿರುಗಲು ಶುರುವಾಯಿತು, ಪ್ರತಿ ಸುತ್ತಿಗೂ ನನ್ನನ್ನು ಎಳೆಯುತ್ತಿತ್ತು. ಕ್ವಿಕ್ ರಿಲೀಸ್ (ಕೈಟಿನ ಎಳೆತವನ್ನು ತಟ್ಟನೆ ಬಿಡಿಸುವ ಕೊಂಡಿ) ತಳ್ಳಿದೆ. ಬಿಡಲಿಲ್ಲ. ಎರಡನೇ ಸಲ ಎರಡೂ ಕೈಯಲ್ಲಿ ತಳ್ಳಿದೆ, ಬಿಟ್ಟಿತು. ಆ ಹೊತ್ತಿಗೆ ಒಂದು ಲೈನ್ ನನ್ನ ಎಡಗೈ ಕಿರುಬೆರಳನ್ನು ಸುತ್ತಿಕೊಂಡು ಹೋಗಿತ್ತು. ಐದು ಹೊಲಿಗೆ. ಆ ಹುಡುಗಿಗೆ ಗಾಯ ಆಗಲಿಲ್ಲ, ಆದರೆ ಸೊಂಟದಷ್ಟು ನೀರಿನಲ್ಲಿ ನಿಂತು ನಡುಗುತ್ತಾ ಅಳುತ್ತಿದ್ದಳು. ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ದಡದಲ್ಲಿ ಎಲ್ಲರೂ ನನಗೆ ಹೇಳಿದ್ದು ಒಂದೇ: "ನೀವು ಬಲಗೈ ಮುಂದೆ ಇದ್ದಿರಿ, ತಪ್ಪು ಆಕೆಯದು." ನನಗೆ ಅದು ಒಪ್ಪಿಗೆ ಆಗುತ್ತಿಲ್ಲ. ಆದರೆ ನನ್ನ ತಪ್ಪು ಎಲ್ಲಿ ಅಂತಲೂ ಸರಿಯಾಗಿ ಹೇಳಲು ಬರುತ್ತಿಲ್ಲ. ಅನುಭವ ಇರುವವರು ಹೇಳಿ.

ಕೊಲ್ಲಿಯ ಕನ್ನಡಿಗ (ದುಬೈ)

ಬೆರಳು ಉಳಿಯಿತಲ್ಲ, ಅದು ದೊಡ್ಡದು. ಬೇಗ ವಾಸಿಯಾಗಲಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ದಡದಲ್ಲಿದ್ದವರು ಹೇಳಿದ್ದು ಸರಿ. ನಾನು ಒಂಬತ್ತು ವರ್ಷದಿಂದ ಇಲ್ಲಿನ ಕೈಟ್ ಬೀಚಿನಲ್ಲಿ ಆಡುತ್ತಿದ್ದೇನೆ. ಶನಿವಾರ ಭಾನುವಾರ ಸಂಜೆ ಬಂದು ನೋಡಿ, ಕೈಟ್ ಹರಡಲು ಮರಳಿನ ಮೇಲೆ ಜಾಗ ಇರುವುದಿಲ್ಲ. ಅಷ್ಟು ಜನರ ಮಧ್ಯೆ ನಮ್ಮನ್ನು ಕಾಪಾಡುವುದು ಒಂದೇ: ಎದುರಿನವನು ಏನು ಮಾಡುತ್ತಾನೆ ಅಂತ ಮೊದಲೇ ಗೊತ್ತಿರುವುದು. ಬಲಗೈ ಮುಂದೆ ಇದ್ದವನು ನೇರ ಹೋಗುತ್ತಾನೆ, ಎಡಗೈಯವನು ತಪ್ಪಿಸಿಕೊಳ್ಳುತ್ತಾನೆ. ಅಷ್ಟೇ.

ದಾಕ್ಷಿಣ್ಯಕ್ಕೆ ಬಿದ್ದು "ಪಾಪ, ಹೊಸಬರು" ಅಂತ ನೀವೂ ತಿರುಗಿದರೆ ಏನಾಗುತ್ತದೆ? ಆಕೆಯೂ ಅದೇ ಕಡೆಗೆ ತಿರುಗಿರುತ್ತಾಳೆ. ಓಣಿಯಲ್ಲಿ ಎದುರಾಬದುರಾ ಬಂದ ಇಬ್ಬರು ಒಂದೇ ಕಡೆಗೆ ಸರಿದು ಮತ್ತೆ ಮುಖಾಮುಖಿ ಆಗುತ್ತಾರಲ್ಲ, ಹಾಗೆ. ಓಣಿಯಲ್ಲಿ ನಕ್ಕು ಹೋಗಬಹುದು. ನೀರಿನಲ್ಲಿ ಇಬ್ಬರೂ 20 ನಾಟ್ ವೇಗದಲ್ಲಿದ್ದರೆ ಒಬ್ಬರಿಗೊಬ್ಬರು ಸೆಕೆಂಡಿಗೆ 20 ಮೀಟರ್ ಹತ್ತಿರ ಆಗುತ್ತಿರುತ್ತಾರೆ. ನೂರು ಮೀಟರ್ ದೂರ ಅಂದರೆ ಐದು ಸೆಕೆಂಡ್. ಅದರಲ್ಲಿ ದಾಕ್ಷಿಣ್ಯಕ್ಕೆ ಸಮಯ ಇಲ್ಲ.

ಇನ್ನೊಂದು. ಕಲಿಯುವವರನ್ನು ನಲವತ್ತು ಕೈಟ್ ನಡುವೆ ಬಿಟ್ಟಿದ್ದು ಯಾರು? ಆ ಪ್ರಶ್ನೆ ಕೇಳಬೇಕಾದದ್ದು ಆಕೆಗೆ ಕಲಿಸಿದವರನ್ನು.

ಹನ್ನೆರಡು ಮೀಟರ್

ನಾನು ಕೈಟ್ ಕಲಿಸುವವನು. ದುಬೈ ಸರ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಭಾಗದಲ್ಲೇ ಬೆರಳು ಹೋಗುವುದು.

ಇಲ್ಲಿ ಎರಡು ನಿಯಮ ಇವೆ, ಎಲ್ಲರೂ ಒಂದು ಮಾಡಿಕೊಳ್ಳುತ್ತಾರೆ. ಬೋರ್ಡ್ ಯಾವ ದಾರಿಯಲ್ಲಿ ಹೋಗಬೇಕು ಎನ್ನುವುದು ಒಂದು. ಕೈಟ್ ಯಾವ ಎತ್ತರದಲ್ಲಿ ಇರಬೇಕು ಎನ್ನುವುದು ಇನ್ನೊಂದು. ಮೊದಲನೆಯದು ಹಾಯಿದೋಣಿಗಳಿಂದ ಬಂದದ್ದು. ಎರಡನೆಯದು ನಮ್ಮದು ಮಾತ್ರ, ಯಾಕೆಂದರೆ ದೋಣಿಗೆ 24 ಮೀಟರ್ ಉದ್ದದ ಲೈನ್ ಇರುವುದಿಲ್ಲ.

ಎರಡನೇ ನಿಯಮ ಹೀಗೆ: ಇಬ್ಬರು ಪಕ್ಕ ಪಕ್ಕದಲ್ಲಿ ದಾಟುವಾಗ ಗಾಳಿ ಬರುವ ಕಡೆ ಇರುವವರು ಕೈಟನ್ನು ಮೇಲೆ ಎತ್ತಬೇಕು. ಗಾಳಿ ಹೋಗುವ ಕಡೆ ಇರುವವರು ಕೈಟನ್ನು ಕೆಳಗೆ ಇಳಿಸಬೇಕು. ಕಾರಣ ಸುಲಭ. ಕೈಟ್ ಯಾವಾಗಲೂ ನಮ್ಮಿಂದ ಗಾಳಿ ಹೋಗುವ ಕಡೆಗೇ ಇರುತ್ತದೆ. ಅಂದರೆ ಗಾಳಿ ಬರುವ ಕಡೆ ಇರುವವನ ಕೈಟ್ ಪಕ್ಕದವನ ತಲೆಯ ಮೇಲೇ ಹಾದುಹೋಗುತ್ತದೆ. ಅದು ಎತ್ತರದಲ್ಲಿ ಇರಲೇಬೇಕು.

ಈಗ ನಿಮ್ಮ ಘಟನೆ ನೋಡಿ. ಆ ಹುಡುಗಿ ಗಾಳಿ ಹೋಗುವ ಕಡೆಗೆ ತಿರುಗಿ ದಾರಿ ಬಿಟ್ಟಳು. ಸರಿಯಾಗೇ ಮಾಡಿದಳು. ಆಕೆ ತಿರುಗಿದ ಆ ಕ್ಷಣಕ್ಕೆ ನೀವು ಗಾಳಿ ಬರುವ ಕಡೆಯವರಾದಿರಿ. ದಾರಿ ನಿಮ್ಮದೇ, ಬೋರ್ಡ್ ನೇರ ಹೋಗಲಿ. ಆದರೆ ಕೈಟ್ ಎತ್ತುವ ಕೆಲಸವೂ ನಿಮ್ಮದೇ ಆಯಿತು. ನಿಮ್ಮ ಕೈಟ್ ಎರಡು ಗಂಟೆಯಲ್ಲೇ ಉಳಿಯಿತು. ಆಕೆ ಕೈಟ್ ಮೇಲೆತ್ತಿದ್ದು ತಪ್ಪು, ನಿಜ. ಆದರೆ ಎಷ್ಟು ತಿಂಗಳ ಕಲಿಕೆ ಆಕೆಯದು? ಗಾಬರಿಯಾದಾಗ ಕೈಟನ್ನು ನೆತ್ತಿಗೆ ತಂದು ನಿಲ್ಲು ಅಂತ ನಾವೇ ಮೊದಲ ದಿನದಿಂದ ಹೇಳಿಕೊಟ್ಟಿರುತ್ತೇವೆ. ಆಕೆ ಅದನ್ನೇ ಮಾಡಿದಳು.

ನೀವು ಕೈಟನ್ನು ಹನ್ನೆರಡೂವರೆಗೆ ಎತ್ತಿದ್ದರೆ ವೇಗ ಸ್ವಲ್ಪ ಕಡಿಮೆ ಆಗುತ್ತಿತ್ತು, ಅಷ್ಟೇ. ಎರಡೂ ಕೈಟ್ ಎತ್ತರದಲ್ಲಿದ್ದರೂ ಸಿಕ್ಕಿಕೊಳ್ಳಬಹುದಿತ್ತು. ಆದರೆ ನಿಮ್ಮ ಕೈಟ್ ಕೆಳಗೆ, ಆಕೆಯ ಲೈನ್ ಅಡ್ಡ ಬಂದಾಗ ಸಿಕ್ಕಿಕೊಳ್ಳದೆ ಬೇರೆ ದಾರಿಯೇ ಇರಲಿಲ್ಲ.

ಗಾಳಿಗೆ ಬಿದ್ದವ (ಬೆಂಗಳೂರು)

ಮೇಷ್ಟ್ರೇ, ಇದೇ ನನಗೆ ಬೇಕಿದ್ದದ್ದು. ನಾನು ಆಕೆಯ ಬೋರ್ಡನ್ನೇ ನೋಡುತ್ತಿದ್ದೆ. ಆಕೆ ತಿರುಗಿದ ಮೇಲೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ನನ್ನ ಕೈಟ್ ಎಲ್ಲಿದೆ ಅನ್ನುವುದು ತಲೆಗೇ ಬರಲಿಲ್ಲ. ತಪ್ಪು ನನ್ನದೂ ಹೌದು. ಆ ಹುಡುಗಿಗೆ ಅವತ್ತೇ ಇದನ್ನು ಹೇಳಬೇಕಿತ್ತು ಅನಿಸುತ್ತಿದೆ.

ಹೊಸಬಿ (ಮೈಸೂರು)

ಎಲ್ಲರೂ ಬಲಗೈ ಎಡಗೈ ಅನ್ನುತ್ತಿದ್ದೀರಿ. ನಾನು ಈ ವರ್ಷವಷ್ಟೇ ಒಟ್ಟು ಹನ್ನೆರಡು ಗಂಟೆಗಳ ಪಾಠ ಮುಗಿಸಿದವಳು. ನಿಜ ಹೇಳುತ್ತೇನೆ, ನನಗೆ ಎದುರಿನವರು ಕಾಣುವುದೇ ಇಲ್ಲ. ಕಣ್ಣು ಪೂರ್ತಿ ಕೈಟ್ ಮೇಲೆ ಇರುತ್ತದೆ. ಕೆಳಗೆ ನೋಡಿದರೆ ಕೈಟ್ ಬೀಳುತ್ತದೆ. ಅಕ್ಕಪಕ್ಕ ಯಾರಾದರೂ ಕೂಗಿದರೂ ಗಾಳಿಯಲ್ಲಿ ಏನೂ ಕೇಳಿಸುವುದಿಲ್ಲ.

ಆ ಹುಡುಗಿಯ ಜಾಗದಲ್ಲಿ ನನ್ನನ್ನೇ ಇಟ್ಟುಕೊಂಡು ಓದಿದೆ. ನಿಯಮ ಗೊತ್ತಿಲ್ಲ ಅಂತ ಅಲ್ಲ, ಗೊತ್ತಿರುವುದನ್ನು ಮಾಡಲು ಕೈ ಬಿಡುವಾಗಿ ಇರುವುದಿಲ್ಲ. ನನ್ನಂಥವರು ಏನು ಮಾಡಬೇಕು? ಮನೆಯಲ್ಲೇ ಕೂರಬೇಕಾ?

ಹನ್ನೆರಡು ಮೀಟರ್

ಖಂಡಿತ ಮನೆಯಲ್ಲಿ ಕೂರಬೇಡಿ. ಎಲ್ಲರೂ ಹಾಗೇ ಇದ್ದವರು.

ಮೊದಲು ಬಲ ಎಡದ ವಿಷಯ. ನೀವು ಬೋರ್ಡ್ ಮೇಲೆ ಹೋಗುತ್ತಿರುವಾಗ ಯಾವ ಕೈ, ಯಾವ ಭುಜ ಮುಂದೆ ಇದೆ ನೋಡಿಕೊಳ್ಳಿ. ಬಲ ಭುಜ ಮುಂದೆ ಇದ್ದರೆ ಗಾಳಿ ನಿಮ್ಮ ದಾರಿಯ ಬಲಗಡೆಯಿಂದ ಬರುತ್ತಿದೆ, ದಾರಿ ನಿಮ್ಮದು. ಎಡ ಭುಜ ಮುಂದೆ ಇದ್ದರೆ ನೀವು ತಪ್ಪಿಸಿಕೊಳ್ಳಬೇಕು. ನನ್ನ ಹತ್ತಿರ ಕಲಿಯುವವರಿಗೆ ಬಾರಿನ (ಕೈಟ್ ನಡೆಸಲು ಕೈಯಲ್ಲಿ ಹಿಡಿಯುವ ಕೋಲು) ಎಡ ತುದಿಗೆ ಕೆಂಪು ಟೇಪ್ ಸುತ್ತಿಸುತ್ತೇನೆ. ಕೆಂಪು ಮುಂದೆ ಇದ್ದರೆ ನಾನು ಬಿಡಬೇಕು ಅಂತ ಕಣ್ಣಿಗೇ ಗೊತ್ತಾಗುತ್ತದೆ. ಎಷ್ಟೋ ಬಾರುಗಳಲ್ಲಿ ಎಡಭಾಗ ಕೆಂಪಾಗಿಯೇ ಬರುತ್ತದೆ, ಆಗ ಟೇಪೂ ಬೇಡ.

ಇನ್ನು ಕಣ್ಣಿನ ವಿಷಯ. ಕೈಟ್ ನೋಡದೆ ಹಿಡಿಯುವ ಅಭ್ಯಾಸವನ್ನು ನೀರಿಗಿಂತ ಮೊದಲು ಮರಳಿನ ಮೇಲೆ ಮಾಡಿ. ಚಿಕ್ಕ ತರಬೇತಿ ಕೈಟ್ ಹಿಡಿದು, ಪಕ್ಕದವರ ಜೊತೆ ಮಾತಾಡುತ್ತಾ ನಡೆಯಿರಿ. ಮಾತಾಡುವಾಗ ಅವರ ಮುಖ ನೋಡಲೇಬೇಕು. ಎರಡು ಸಂಜೆ ಹೀಗೆ ನಡೆದರೆ ಎಳೆತದಲ್ಲೇ ಕೈಟ್ ಎಲ್ಲಿದೆ ಅಂತ ಕೈಗೆ ತಿಳಿಯುತ್ತದೆ. ಅಡುಗೆ ಮಾಡುವವರು ಒಗ್ಗರಣೆಯ ಸದ್ದಿನಲ್ಲೇ ಸಾಸಿವೆ ಸಿಡಿದದ್ದು ತಿಳಿಯುತ್ತಾರಲ್ಲ, ಹಾಗೆ.

ಆಮೇಲೆ ನಿಲ್ಲುವುದನ್ನು ಕಲಿಯಿರಿ. ಬಹಳ ಜನ ಓಡುವುದನ್ನು ಕಲಿಯುತ್ತಾರೆ, ನಿಲ್ಲುವುದನ್ನು ಕಲಿಯುವುದಿಲ್ಲ. ಬೋರ್ಡಿನ ಅಂಚು ಒತ್ತಿ, ಬಾರನ್ನು ಸ್ವಲ್ಪ ಹೊರಗೆ ಬಿಟ್ಟು, ಹತ್ತು ಮೀಟರ್ ಒಳಗೆ ನಿಲ್ಲಲು ಬರುವ ತನಕ ಗುಂಪಿನ ನಡುವೆ ಹೋಗಬೇಡಿ. ಅಲ್ಲಿ ತನಕ ಗುಂಪಿನಿಂದ ದೂರ, ಗಾಳಿ ಹೋಗುವ ಕಡೆಯ ಕೊನೆಯಲ್ಲಿ ಆಡಿ. ಬಿದ್ದರೂ ಇನ್ನೊಬ್ಬರ ಮೇಲೆ ಹೋಗಿ ಬೀಳುವುದಿಲ್ಲ.

ಕೊನೆಯದಾಗಿ, ತಿರುಗುವ ಮೊದಲು ಹಿಂದೆ ನೋಡಿ. ಹೊಸಬರು ಗುದ್ದುವುದು ಎದುರಿನವರಿಗಿಂತ ಜಾಸ್ತಿ ಹಿಂದಿನಿಂದ ಬರುವವರಿಗೆ. ತಟ್ಟನೆ ತಿರುಗುತ್ತಾರೆ, ಹಿಂದೆ ಬರುತ್ತಿದ್ದವನಿಗೆ ಜಾಗವೇ ಇರುವುದಿಲ್ಲ.

ಸೇತುವೆ ಪಕ್ಕದವಳು (ಸ್ಯಾನ್ ಫ್ರಾನ್ಸಿಸ್ಕೊ)

ನಾನು ಶಿವಮೊಗ್ಗದವಳು, ಇಲ್ಲಿ ಹದಿನಾಲ್ಕು ವರ್ಷ ಆಯಿತು. ಕ್ರಿಸ್ಸಿ ಫೀಲ್ಡ್ ಬೀಚಿನಿಂದ ಆಡುತ್ತೇನೆ, ಗೋಲ್ಡನ್ ಗೇಟ್ ಸೇತುವೆಯ ಪಕ್ಕದಲ್ಲೇ.

ದುಬೈಯವರ ಮಾತಿಗೆ ಒಂದು ಸೇರಿಸುತ್ತೇನೆ. ಅವರು ಹೇಳಿದ "ನೇರ ಹೋಗುವವನು ನೇರವೇ ಹೋಗಬೇಕು" ಎನ್ನುವುದು ಸಮುದ್ರದ ಅಂತರರಾಷ್ಟ್ರೀಯ ನಿಯಮಗಳಲ್ಲೇ ಇದೆ. 1972ರಲ್ಲಿ ಮಾಡಿದ್ದು, 1977ರಿಂದ ಜಾರಿಯಲ್ಲಿದೆ. ಹಾಯಿದೋಣಿಗಳ ದಾರಿಯ ವಿಷಯ 12ನೇ ನಿಯಮ. ದಾರಿ ಇರುವವರು ವೇಗ, ದಿಕ್ಕು ಬದಲಿಸಬಾರದು ಎನ್ನುವುದು 17ನೇ ನಿಯಮ. ಆದರೆ ಅದೇ 17ನೇ ನಿಯಮದ ಮುಂದಿನ ಭಾಗವನ್ನು ಯಾರೂ ಹೇಳುವುದಿಲ್ಲ. ಎದುರಿನವನು ತಪ್ಪಿಸಿಕೊಳ್ಳುತ್ತಿಲ್ಲ ಅಂತ ಗೊತ್ತಾದರೆ ನೀವೂ ಏನಾದರೂ ಮಾಡಬಹುದು. ಅವನೊಬ್ಬನಿಂದಲೇ ತಪ್ಪಿಸಲು ಆಗದಷ್ಟು ಹತ್ತಿರ ಬಂದರೆ ಮಾಡಲೇಬೇಕು. ಗುದ್ದುವ ಹಕ್ಕು ಯಾರಿಗೂ ಕೊಟ್ಟಿಲ್ಲ.

ಇಲ್ಲಿ ನಮಗೆ ಇನ್ನೊಂದು ಪಾಠ ಕಂಟೇನರ್ ಹಡಗುಗಳಿಂದ ಸಿಕ್ಕಿದೆ. ಹಡಗಿನ ಕಾಲುವೆಯಲ್ಲಿ ಹಡಗು ಬರುತ್ತಿದ್ದರೆ ಬಲಗೈಯೂ ಇಲ್ಲ, ಎಡಗೈಯೂ ಇಲ್ಲ. ಅದಕ್ಕೆ ನಿಲ್ಲಲು ಆಗುವುದಿಲ್ಲ, ತಿರುಗಲು ಜಾಗ ಇಲ್ಲ. ಮೇಲಾಗಿ ಅಷ್ಟು ಎತ್ತರದ ಹಡಗು ಹತ್ತಿರ ಬಂದರೆ ಅದರ ಮರೆಯಲ್ಲಿ ಗಾಳಿ ಸತ್ತುಹೋಗುತ್ತದೆ. ಕೈಟ್ ಎಲೆಯ ಹಾಗೆ ಉದುರುತ್ತದೆ. ನಾನು ಒಂದು ಸಲ ಅಂಥ ಮರೆಗೆ ಸಿಕ್ಕಿದ್ದೇನೆ. ಹಡಗು ದಾಟಿ ಹೋಗಿತ್ತು, ಅಪಾಯ ಆಗಲಿಲ್ಲ, ಆದರೆ ಇಳಿತದ ನೀರು ನನ್ನನ್ನು ಸೇತುವೆಯ ಆಚೆ ಸಾಗರದ ಕಡೆಗೆ ಎಳೆಯುತ್ತಿತ್ತು. ಕೈಟ್ ಮತ್ತೆ ಏಳುವ ತನಕ ಹನ್ನೊಂದು ನಿಮಿಷ. ಅಷ್ಟೂ ಹೊತ್ತು ಒಬ್ಬ ಅಪರಿಚಿತ ನನ್ನ ಸುತ್ತ ದೂರದಲ್ಲೇ ತಿರುಗುತ್ತಾ ಕಾದ. ನೀರಿನಲ್ಲಿ ಬಿದ್ದ ಕೈಟಿನಿಂದ ದೂರ ಇರಬೇಕು, ಆದರೆ ಬಿಟ್ಟು ಹೋಗಬಾರದು. ಇದನ್ನೂ ಶಿಷ್ಟಾಚಾರದಲ್ಲಿ ಸೇರಿಸಿ.

ಫಾಯಿಲ್ ಬೋರ್ಡಿನವರಿಗೂ ಒಂದು ಮಾತು. ನಿಮ್ಮ ಬೋರ್ಡಿನ ಕೆಳಗೆ ಕತ್ತಿಯಂಥ ರೆಕ್ಕೆ ಇದೆ. ನೀವು ಸದ್ದಿಲ್ಲದೆ ಬರುತ್ತೀರಿ, ವೇಗವೂ ಜಾಸ್ತಿ. ಹಿಂದಿನಿಂದ ದಾಟುವವರು ಯಾರೇ ಇರಲಿ, ತಪ್ಪಿಸಿಕೊಳ್ಳಬೇಕಾದದ್ದು ದಾಟುವವರೇ. ಕಲಿಯುವವರ ಹತ್ತಿರ ಫಾಯಿಲ್ ತರಲೇಬೇಡಿ.

ಮಲ್ಪೆ ಕಡಲು

ನಾನು ಕೈಟ್ ಆಡುವವನಲ್ಲ ಮಾರಾಯ್ರೆ. ನಮ್ಮದು ಮೀನುಗಾರಿಕೆಯ ಮನೆ. ತಮ್ಮ ಗೋವಾದಲ್ಲಿ ಕೈಟ್ ಕಲಿಯುತ್ತಿದ್ದಾನೆ, ಅವನು ಇದನ್ನು ಓದು ಅಂತ ಕಳಿಸಿದ.

ನೀವೆಲ್ಲ ನಿಮ್ಮ ನಿಮ್ಮೊಳಗೆ ಯಾರಿಗೆ ದಾರಿ ಅಂತ ಮಾತಾಡಿದ್ದೀರಿ. ದೋಣಿಯವರ ಮಾತು ಒಬ್ಬರೂ ತೆಗೆಯಲಿಲ್ಲ. ಕಲ್ಪಿಟಿಯ ಆಗಲಿ, ರಾಮೇಶ್ವರ ಆಗಲಿ, ಅದು ಮೊದಲು ಮೀನುಗಾರರ ನೀರು. ಮೇಲಿನ ಅಕ್ಕ ಸಮುದ್ರದ ನಿಯಮ ಹೇಳಿದ್ದಾರೆ. ಅದೇ ನಿಯಮದಲ್ಲಿ ಬಲೆ ಹಾಕಿ ಮೀನು ಹಿಡಿಯುತ್ತಿರುವ ದೋಣಿಗೆ ಹಾಯಿಯವರು ದಾರಿ ಬಿಡಬೇಕು ಅಂತ ಇದೆ.

ಬಲೆ ನಿಮಗೆ ಕಾಣುವುದಿಲ್ಲ. ಕಾಣುವುದು ಮೇಲೆ ತೇಲುವ ಥರ್ಮೋಕೋಲ್ ತುಂಡು, ಪ್ಲಾಸ್ಟಿಕ್ ಡಬ್ಬಿ, ಒಂದು ಕಪ್ಪು ಬಾವುಟ. ಅಂಥ ಎರಡು ಗುರುತು ಸಾಲಾಗಿ ಕಂಡರೆ ನಡುವೆ ಬಲೆ ಇದೆ ಅಂತ ತಿಳಿಯಿರಿ. ನಡುವೆ ದಾಟಬೇಡಿ, ಸುತ್ತಿ ಹೋಗಿ. ನಿಮ್ಮ ಬೋರ್ಡಿನ ಕೆಳಗಿನ ರೆಕ್ಕೆ ಬಲೆಗೆ ಸಿಕ್ಕಿದರೆ ನಿಮಗೆ ಒಂದು ಆಟ ಕೆಟ್ಟಿತು. ಹರಿದ ಬಲೆ ಹೆಣೆಯಲು ನಮಗೆ ನಾಲ್ಕು ಜನ ಎರಡು ದಿನ ಕೂರಬೇಕು. ಆ ಎರಡು ದಿನ ಮೀನಿಲ್ಲ.

ದಡದಲ್ಲಿ ಕೈರಂಪಣಿ (ದಡದಲ್ಲಿ ನಿಂತು ಕೈಯಿಂದ ಎಳೆಯುವ ಬಲೆ) ಎಳೆಯುತ್ತಿದ್ದರೆ ಅಲ್ಲಿಂದ ಕೈಟ್ ಎಬ್ಬಿಸಬೇಡಿ. ಎರಡು ಕಡೆಯ ಹಗ್ಗ ನೀರಿನೊಳಗೆ ದೂರದವರೆಗೆ ಹೋಗಿರುತ್ತದೆ. ಎಳೆಯುವವರು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಿರುತ್ತಾರೆ, ಬೆನ್ನ ಹಿಂದೆ ನಿಮ್ಮ ಲೈನ್ ಹರಡಿದ್ದರೆ ಅವರಿಗೆ ಕಾಣುವುದಿಲ್ಲ. ಒಂದು ಗಂಟೆ ಕಾಯಿರಿ. ಬೇಕಾದರೆ ಹೋಗಿ ಹಗ್ಗಕ್ಕೆ ಕೈ ಕೊಡಿ. ತಮ್ಮ ಹಾಗೆ ಮಾಡಿದ, ಈಗ ಅಲ್ಲಿ ಅವನಿಗೆ ಎಲ್ಲರ ಪರಿಚಯ ಇದೆ.

ಕೊಲ್ಲಿಯ ಕನ್ನಡಿಗ (ದುಬೈ)

ಮಲ್ಪೆಯವರೇ, ಒಳ್ಳೆಯ ಮಾತು ಹೇಳಿದಿರಿ. ನಾವು ಯಾರೂ ಅದನ್ನು ಯೋಚಿಸಿರಲಿಲ್ಲ.

ಮೇಷ್ಟ್ರು ಹೇಳಿದ ಕೈಟ್ ಎತ್ತರದ ಮಾತನ್ನು ಒಪ್ಪುತ್ತೇನೆ. ನಾನು ದಾರಿಯ ನಿಯಮವನ್ನಷ್ಟೇ ನೋಡಿ ಮಾತಾಡಿದೆ. ಆದರೆ ಒಂದು ಗೊಂದಲ ಉಳಿದಿದೆ. ದಡದಿಂದ ಹೊರಗೆ ಹೋಗುವವರಿಗೆ, ಒಳಗೆ ಬರುವವರು ದಾರಿ ಬಿಡಬೇಕು ಅಂತಲೂ ಇದೆ. ಬಲಗೈ ನಿಯಮವೂ ಇದೆ. ಎರಡೂ ಎದುರಾದರೆ ಯಾವುದು ದೊಡ್ಡದು?

ಹನ್ನೆರಡು ಮೀಟರ್

ಬಹಳ ಒಳ್ಳೆಯ ಪ್ರಶ್ನೆ. ಇದರಲ್ಲಿ ಅನುಭವಸ್ಥರೂ ಜಗಳ ಆಡಿದ್ದನ್ನು ನೋಡಿದ್ದೇನೆ.

ಎರಡು ಬೀಚ್ ತೆಗೆದುಕೊಳ್ಳಿ. ಗೋವಾದ ಬೀಚುಗಳು ಪಡುವಣಕ್ಕೆ ಮುಖ ಮಾಡಿವೆ. ಬೇಸಿಗೆಯ ಮಧ್ಯಾಹ್ನ ಗಾಳಿ ವಾಯವ್ಯದಿಂದ ಬರುತ್ತದೆ. ಸಮುದ್ರ ನೋಡುತ್ತಾ ನಿಂತರೆ ಬಲಗಡೆಯಿಂದ. ಆದ್ದರಿಂದ ಹೊರಗೆ ಹೋಗುವವನ ಬಲಗೈ ಮುಂದೆ ಇರುತ್ತದೆ. ಎರಡೂ ನಿಯಮ ಅವನಿಗೇ ದಾರಿ ಕೊಡುತ್ತವೆ. ಗೊಂದಲವೇ ಇಲ್ಲ.

ಈಗ ಕಲ್ಪಿಟಿಯದ ಹೊರಗಿನ ಸಮುದ್ರ. ಅದೂ ಪಡುವಣಕ್ಕೇ ಮುಖ. ಆದರೆ ಮುಂಗಾರಿನಲ್ಲಿ ಗಾಳಿ ನೈಋತ್ಯದಿಂದ, ಅಂದರೆ ಎಡಗಡೆಯಿಂದ. ಹೊರಗೆ ಹೋಗುವವನ ಎಡಗೈ ಮುಂದೆ. ಒಳಗೆ ಬರುವವನ ಬಲಗೈ ಮುಂದೆ. ಇಬ್ಬರೂ "ದಾರಿ ನನ್ನದು" ಅಂತ ನಂಬಿಕೊಂಡೇ ಬರುತ್ತಾರೆ. ಇಬ್ಬರ ಹತ್ತಿರವೂ ಒಂದೊಂದು ನಿಯಮ ಇದೆ.

ನಾನು ಕಲಿಸುವುದು ಹೀಗೆ: ದಡದ ಹತ್ತಿರ ಹೊರಗೆ ಹೋಗುವವನಿಗೆ ದಾರಿ. ಯಾಕೆಂದರೆ ಅವನಿಗೆ ಜಾಗ ಇಲ್ಲ. ಹಿಂದೆ ಮರಳು, ಪಕ್ಕದಲ್ಲಿ ಜನ, ಕಾಲ ಕೆಳಗೆ ಒಡೆಯುವ ಅಲೆ, ಬೋರ್ಡ್ ಇನ್ನೂ ಪೂರ್ತಿ ಕಾಲಿಗೆ ಸಿಕ್ಕಿರುವುದಿಲ್ಲ. ಒಳಗೆ ಬರುವವನಿಗೆ ಇಡೀ ಸಮುದ್ರ ಹಿಂದೆ ಇದೆ, ಒಂದು ಸುತ್ತು ಹೊಡೆದು ಬರಬಹುದು. ದಡದಿಂದ ದೂರ ಹೋದ ಮೇಲೆ ಬಲಗೈ ನಿಯಮ. ಗಡಿ ಎಲ್ಲಿ ಅಂತ ಆ ಬೀಚಿನ ಜನರನ್ನು ಮೊದಲ ದಿನವೇ ಕೇಳಿ. ಒಂದೊಂದು ಕಡೆ ಒಂದೊಂದು ರೂಢಿ ಇರುತ್ತದೆ. ಕೈಟ್ ಪಂಪ್ ಮಾಡುವ ಮೊದಲು ಐದು ನಿಮಿಷ ಮಾತಾಡಿದರೆ ಸಾಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಸಸಿಹಿತ್ಲು ಅಲೆ

ನಾನು ಬರೀ ಸರ್ಫಿಂಗ್ ಮಾಡುವವನು, ಕೈಟ್ ಇಲ್ಲ. ಅಲೆಯ ಮಾತೂ ಬರಲಿ.

ದಡದ ಹತ್ತಿರ ಹೊರಗೆ ಹೋಗುವವನಿಗೆ ದಾರಿ ಅಂದಿರಿ. ಆದರೆ ಎದುರಿನವನು ಅಲೆಯ ಮೇಲೆ ಸವಾರಿ ಮಾಡುತ್ತಿದ್ದರೆ ದಾರಿ ಅವನದು, ಹೊರಗೆ ಹೋಗುವವನೇ ಬಿಡಬೇಕು. ಇದು ನಮಗೂ ನಿಮಗೂ ಒಂದೇ. ಕಷ್ಟ ಆಗುವುದು ಬೇರೆ ಕಡೆ. ನಾವು ಕೈಯಲ್ಲಿ ನೀರು ತಳ್ಳಿಕೊಂಡು ಹೋಗಿ, ಅಲೆ ಏಳುವ ಜಾಗದಲ್ಲಿ ಕಾದು ಕೂರುತ್ತೇವೆ. ಕೈಟಿನವರು ದೂರದಲ್ಲಿ ಅಲೆ ಇನ್ನೂ ಉಬ್ಬಿರುವಾಗಲೇ ಹಿಡಿದುಕೊಂಡು ಬರುತ್ತಾರೆ. "ಮೊದಲು ಹಿಡಿದದ್ದು ನಾನು" ಅನ್ನುತ್ತಾರೆ. ಮಾತಿನಲ್ಲಿ ಸರಿ ಇರಬಹುದು. ಆದರೆ ಹಾಗೆ ಹೋದರೆ ಇಡೀ ಬೆಳಿಗ್ಗೆ ನಮಗೆ ಒಂದು ಅಲೆಯೂ ಸಿಗುವುದಿಲ್ಲ. ಜೊತೆಗೆ ನಮ್ಮ ತಲೆಯ ಮೇಲೆ ನಿಮ್ಮ ಲೈನ್ ಹಾದುಹೋಗುತ್ತದೆ. ನೀರಿನಲ್ಲಿ ಮಲಗಿದವನಿಗೆ ತಪ್ಪಿಸಿಕೊಳ್ಳಲು ಎಲ್ಲಿಗೂ ದಾರಿ ಇಲ್ಲ, ಮುಳುಗುವುದೊಂದೇ.

ಎಂಜಿನ್ನೂ ಇಲ್ಲದೆ, ಗಾಳಿಯೂ ಇಲ್ಲದೆ ನೀರಿನಲ್ಲಿ ಇರುವವರು, ಈಜುವವರು, ಮಕ್ಕಳು, ಸರ್ಫಿಂಗ್ ಮಾಡುವವರು ಕಂಡರೆ ಗಾಳಿ ಹೋಗುವ ಕಡೆಗೆ ದೂರ ಹೋಗಿ ಆಡಿ. ಇದನ್ನು ಬೇಡಿಕೊಂಡೇ ಹೇಳುತ್ತಿದ್ದೇನೆ.

ಕೊಲ್ಲಿಯ ಕನ್ನಡಿಗ (ದುಬೈ)

ಸರ್ಫಿಂಗ್‌ನವರ ಮಾತು ಓದಿ ನನ್ನದೇ ಒಂದು ಘಟನೆ ನೆನಪಾಯಿತು. ಮೊದಲ ಉತ್ತರದಲ್ಲಿ ಬರೆಯಬೇಕಿತ್ತು.

ಐದು ವರ್ಷದ ಹಿಂದೆ ದಡದ ಹತ್ತಿರ ಹಾರಿದೆ. ದಡದಲ್ಲಿ ಸ್ನೇಹಿತರು ವಿಡಿಯೋ ಮಾಡುತ್ತಿದ್ದರು. ಹಾರುವ ಮೊದಲು ನೀರು ಖಾಲಿ ಇತ್ತು ಅಂತ ಈಗಲೂ ಹೇಳಬಲ್ಲೆ. ಆದರೆ ಹಾರಿದವನು ಹಾರಿದ ಜಾಗದಲ್ಲೇ ಇಳಿಯುವುದಿಲ್ಲವಲ್ಲ. ಗಾಳಿ ನನ್ನನ್ನು ಎತ್ತಿಕೊಂಡು ಹೋಗಿ ಇಳಿಸಿದ್ದು ಒಬ್ಬ ತಂದೆ ಮತ್ತು ಮಗುವಿನ ಮುಂದೆ. ಮಗುವಿಗೆ ತೋಳಿನ ಗಾಳಿಚೀಲ ಹಾಕಿದ್ದರು, ಕಿತ್ತಳೆ ಬಣ್ಣದ್ದು. ಮೂರು ಮೀಟರ್ ದೂರ ಇತ್ತೋ ಇಲ್ಲವೋ. ತಂದೆ ಏನೂ ಬೈಯಲಿಲ್ಲ. ಮಗುವನ್ನು ಎತ್ತಿಕೊಂಡು ಸುಮ್ನೆ ದಡಕ್ಕೆ ನಡೆದರು. ಅವತ್ತಿನಿಂದ ನಾನು ದಡದ ಹತ್ತಿರ ಹಾರಿಲ್ಲ.

ಹಾರುವವರಿಗೆ ದಾರಿಯ ಹಕ್ಕೇ ಇಲ್ಲ. ಗಾಳಿ ಹೋಗುವ ಕಡೆ 50 ಮೀಟರ್, ಗಾಳಿ ಬರುವ ಕಡೆ 30 ಮೀಟರ್ ಖಾಲಿ ಇರಬೇಕು ಅಂತ ಎಲ್ಲೆಡೆ ಹೇಳಿಕೊಡುತ್ತಾರೆ. 50 ಮೀಟರ್ ಅಂದರೆ ಎರಡು ಲೈನ್ ಉದ್ದ. ಅಳತೆ ಕಣ್ಣಿಗೆ ಹಾಗೆ ಇಟ್ಟುಕೊಳ್ಳಿ.

ಗಾಳಿಗೆ ಬಿದ್ದವ (ಬೆಂಗಳೂರು)

ದುಬೈ ಅಣ್ಣ, ಬರೆದಿದ್ದಕ್ಕೆ ಧನ್ಯವಾದ. ಸುಲಭ ಅಲ್ಲ ಅಂತ ಗೊತ್ತು.

ಮೇಷ್ಟ್ರೇ, ಇನ್ನೊಂದು ಕೇಳಬೇಕು. ಸಿಕ್ಕಿಕೊಂಡ ಮೇಲೆ ನಾನು ಏನು ಮಾಡಬೇಕಿತ್ತು? ರಿಲೀಸ್ ಮೊದಲ ಸಲ ಯಾಕೆ ಬಿಡಲಿಲ್ಲ?

ಹನ್ನೆರಡು ಮೀಟರ್

ರಿಲೀಸ್ ಬಿಡದೇ ಇದ್ದದ್ದಕ್ಕೆ ಬಹುಶಃ ಮರಳು ಕಾರಣ. ಬಾರನ್ನು ಮರಳಿನ ಮೇಲೆ ಎಸೆದರೆ ಒಳಗೆ ಕಾಳು ಕಾಳು ಸೇರಿಕೊಳ್ಳುತ್ತದೆ, ಉಪ್ಪು ಕೂಡಿಕೊಂಡು ಗಟ್ಟಿಯಾಗುತ್ತದೆ. ಸಿಹಿನೀರಿನಲ್ಲಿ ತೊಳೆಯಿರಿ. ನೀರಿಗೆ ಇಳಿಯುವ ಮೊದಲು ಪ್ರತಿ ಸಲ ದಡದಲ್ಲೇ ಒಮ್ಮೆ ಬಿಟ್ಟು, ಮತ್ತೆ ಜೋಡಿಸಿ. ಅರ್ಧ ನಿಮಿಷದ ಕೆಲಸ. ಕೈಟಿನ ರಿಲೀಸ್ ಹೇಗೆ ಕೆಲಸ ಮಾಡಬೇಕು ಅಂತ 2020ರಲ್ಲಿ ಐಎಸ್‌ಒ 21853 ಎನ್ನುವ ಅಂತರರಾಷ್ಟ್ರೀಯ ಮಾನದಂಡವೇ ಬಂದಿದೆ. ಹಳೆಯ ಬಾರ್ ಕೊಳ್ಳುವವರು ಅದಕ್ಕಿಂತ ಹಿಂದಿನದು ಸಿಕ್ಕರೆ ರಿಲೀಸನ್ನು ನೂರು ಸಲ ಪರೀಕ್ಷೆ ಮಾಡಿಯೇ ಕೊಳ್ಳಿ.

ಸಿಕ್ಕಿಕೊಂಡಾಗ: ಬಾರ್ ಬಿಟ್ಟುಬಿಡಿ. ಬಾರ್ ಹಿಡಿದು ಕೈಟನ್ನು ಬಿಡಿಸಲು ಹೋಗುವುದೇ ದೊಡ್ಡ ತಪ್ಪು, ಅದು ಸುತ್ತುವುದು ಇನ್ನೂ ಜಾಸ್ತಿ ಆಗುತ್ತದೆ. ಬಾರ್ ಬಿಟ್ಟರೂ ಎಳೆತ ನಿಲ್ಲದಿದ್ದರೆ ರಿಲೀಸ್. ಆಗಲೂ ಎಳೆಯುತ್ತಿದ್ದರೆ ಸೇಫ್ಟಿ ಲೀಶ್ (ಕೈಟನ್ನು ನಮಗೆ ಕಟ್ಟಿರುವ ಕೊನೆಯ ಹಗ್ಗ) ಬಿಚ್ಚಿ ಕೈಟನ್ನೇ ಬಿಟ್ಟುಬಿಡಿ. ಗಾಳಿ ಹೋಗುವ ಕಡೆ ಯಾರೂ ಇಲ್ಲ ಅಂತ ನೋಡಿಕೊಂಡು ಬಿಡಬೇಕು, ಇದ್ದರೆ ಗಟ್ಟಿಯಾಗಿ ಕೂಗಬೇಕು. ಕೈಟ್ ದುಡ್ಡಿನ ಯೋಚನೆ ಆ ಹೊತ್ತಿನಲ್ಲಿ ಬೇಡ.

ಲೈನನ್ನು ಬರಿಗೈಯಲ್ಲಿ ಹಿಡಿಯಬೇಡಿ. ಎಳೆತ ಇಲ್ಲದಾಗ ಅದು ಹೊಲಿಗೆ ದಾರದ ಹಾಗೆ ಮೆತ್ತಗೆ ತೇಲುತ್ತದೆ. ಕೈಟ್ ಒಮ್ಮೆ ಗಾಳಿ ಹಿಡಿದರೆ ಅದೇ ಲೈನ್ ಚಾಕು. ನಿಮ್ಮ ಬೆರಳಿಗೆ ಆದದ್ದು ಅದೇ. ನೀರಿನಲ್ಲಿ ಸಡಿಲವಾಗಿ ತೇಲುತ್ತಿರುವ ಲೈನಿನಿಂದ ಗಾಳಿ ಬರುವ ಕಡೆಗೆ ಈಜಿ ದೂರ ಹೋಗಿ. ಹಾರ್ನೆಸ್ಸಿನಲ್ಲಿ (ಸೊಂಟದ ಪಟ್ಟಿ) ಲೈನ್ ಕತ್ತರಿಸುವ ಕೊಕ್ಕೆ ಚಾಕು ಇಟ್ಟುಕೊಳ್ಳಿ, ಅದನ್ನು ಬಲಗೈ ಎಡಗೈ ಯಾವುದರಲ್ಲಾದರೂ ತೆಗೆಯಲು ಬರುತ್ತದಾ ಅಂತ ನೋಡಿಕೊಳ್ಳಿ.

ಇಬ್ಬರೂ ಒಬ್ಬರಿಗೊಬ್ಬರು ಕೂಗಿ ಹೇಳಬೇಕು: "ಬಿಟ್ಟೆ!" ಅಂತ. ಒಬ್ಬರು ಬಿಟ್ಟಿದ್ದಾರೆ, ಇನ್ನೊಬ್ಬರು ಹಿಡಿದೇ ಇದ್ದಾರೆ ಅಂದರೆ ಎಳೆತ ಪೂರ್ತಿ ಹಿಡಿದವರ ಮೇಲೆ ಬರುತ್ತದೆ.

ಹೊಸಬಿ (ಮೈಸೂರು)

ಇದನ್ನೆಲ್ಲ ಬರೆದಿಟ್ಟುಕೊಂಡಿದ್ದೇನೆ. ನನ್ನ ಬಾರಿನ ಎಡಗಡೆ ಕೆಂಪೇ ಇದೆ! ಇಷ್ಟು ದಿನ ಅದು ಚೆಂದಕ್ಕೆ ಅಂದುಕೊಂಡಿದ್ದೆ.

ಒಂದು ಅನುಮಾನ. ದಡದಲ್ಲಿ ಕೈಟ್ ಹಿಡಿದು ಎಬ್ಬಿಸಿಕೊಡಿ ಅಂತ ಗೊತ್ತಿಲ್ಲದವರು ಕೇಳುತ್ತಾರೆ. ಹೋಗಬಹುದಾ?

ಸೇತುವೆ ಪಕ್ಕದವಳು (ಸ್ಯಾನ್ ಫ್ರಾನ್ಸಿಸ್ಕೊ)

ಹೋಗಿ, ಆದರೆ ಲೈನ್ ನೀವೂ ಒಮ್ಮೆ ಕಣ್ಣಲ್ಲಿ ಹಿಂಬಾಲಿಸಿ. ಬಾರಿನಿಂದ ಕೈಟಿನ ತನಕ, ನಾಲ್ಕೂ. ಒಂದು ಅಡ್ಡ ಹೋಗಿದ್ದರೂ ತಲೆ ಅಲ್ಲಾಡಿಸಿ, ಎಬ್ಬಿಸಬೇಡಿ. ಅವರು ಹೆಬ್ಬೆರಳು ಎತ್ತಿ ತೋರಿಸುವ ತನಕ ಕೈಟ್ ಬಿಡಬೇಡಿ. ಬಿಡುವುದು ಅಂದರೆ ಬಿಡುವುದಷ್ಟೇ, ಮೇಲಕ್ಕೆ ಎಸೆಯಬಾರದು. ಇಳಿಯುವಾಗ ತಲೆ ಮೇಲೆ ಕೈ ತಟ್ಟಿದರೆ "ನನ್ನ ಕೈಟ್ ಹಿಡಿಯಿರಿ" ಅಂತ ಅರ್ಥ. ನೋಡಿದ ತಕ್ಷಣ ನಿಮ್ಮ ಕೆಲಸ ಬಿಟ್ಟು ಹೋಗಿ. ಅವರು ಎಷ್ಟು ದಣಿದಿದ್ದಾರೋ ನಮಗೆ ಗೊತ್ತಿರುವುದಿಲ್ಲ.

ಗಾಳಿಗೆ ಬಿದ್ದವ (ಬೆಂಗಳೂರು)

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಹೊಲಿಗೆ ಬಿಚ್ಚಿದ್ದಾರೆ. ಬೆರಳು ಪೂರ್ತಿ ಮಡಚಲು ಬರುತ್ತಿಲ್ಲ, ಬರುತ್ತದೆ ಅಂದಿದ್ದಾರೆ.

ಕಲ್ಪಿಟಿಯದಲ್ಲಿ ನಾವು ಉಳಿದಿದ್ದ ಜಾಗದವರ ಮೂಲಕ ಆ ಹುಡುಗಿಗೆ ಒಂದು ಸಂದೇಶ ಕಳಿಸಿದ್ದೆ. ನೀನು ದಾರಿ ಬಿಟ್ಟದ್ದು ಸರಿಯಾಗಿತ್ತು, ಕೈಟ್ ಎತ್ತಬೇಕಾದವನು ನಾನು, ಎತ್ತಲಿಲ್ಲ ಅಂತ ಬರೆದೆ. ನಿನ್ನೆ ರಾತ್ರಿ ಉತ್ತರ ಬಂತು. ಆ ದಿನದ ಮೇಲೆ ಆಕೆ ನೀರಿಗೆ ಇಳಿದಿರಲಿಲ್ಲವಂತೆ. ಡಿಸೆಂಬರಿನಲ್ಲಿ ಮತ್ತೆ ಶುರು ಮಾಡುತ್ತೇನೆ ಅಂತ ಬರೆದಿದ್ದಾಳೆ. ನಿನ್ನ ಬೆರಳು ಹೇಗಿದೆ ಅಂತ ಎರಡು ಸಲ ಕೇಳಿದ್ದಾಳೆ.

ಜನವರಿಯಲ್ಲಿ ಬಡಗಣ ಗಾಳಿ ಹಿಡಿದ ಮೇಲೆ ರಾಮೇಶ್ವರಕ್ಕೆ ಹೋಗುತ್ತಿದ್ದೇನೆ. ಬೆಂಗಳೂರಿನಿಂದ ಕಾರು, ಎರಡು ಸೀಟು ಖಾಲಿ ಇದೆ. ಮೈಸೂರಿನವರೇ, ಬರುವುದಾದರೆ ಹೇಳಿ. ಕೊಕ್ಕೆ ಚಾಕು ಎರಡು ತೆಗೆದುಕೊಂಡಿದ್ದೇನೆ, ಒಂದು ನಿಮಗೆ.